ಮೀಸೆ ಅಕ್ಷರದ ದರ್ಬಾರು

ಬಟ್ಟೆ ಅಂಗಡಿಗೆ ಹೋದವರು ಬಟ್ಟೆ ಕೊಂಡು ಮನೆಗೆ ಹೋಗುತ್ತಾರೆ, ಅಲ್ಲಿಗೆ ಮುಗಿಯಿತು. ನಮ್ಮ ಅಂಗಡಿಗೆ ಬಂದವರು ಅಕ್ಷರ ಕೊಂಡು ಹೋಗುತ್ತಾರೆ, ವಾರ ಕಳೆಯುವುದರೊಳಗೆ ಒಂದು ಕಥೆ ಹೊತ್ತುಕೊಂಡು ತಿರುಗಿ ಬರುತ್ತಾರೆ.

ಸೇಡಂ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನಮ್ಮ ಮನೆಯವರ ಅಂಗಡಿ ಇದೆ. ಲಗ್ನಪತ್ರಿಕೆ, ಫ್ಲೆಕ್ಸು, ಅಂಗಡಿ ಬೋರ್ಡು, ಕಲ್ಲಿನ ನಾಮಫಲಕ, ಎಲ್ಲ ಮಾಡಿಕೊಡುತ್ತೇವೆ. ಕಲ್ಲು ಕೆತ್ತುವುದು ಶಹಾಬಾದಿನ ಪಾಲಿಶ್ ಯಾರ್ಡಿನಲ್ಲಿ. ಯಾವ ಅಕ್ಷರ, ಎಷ್ಟು ದೊಡ್ಡದು, ಸಾಲಿನ ನಡುವೆ ಎಷ್ಟು ಜಾಗ ಎಂದು ಕಂಪ್ಯೂಟರಿನಲ್ಲಿ ಜೋಡಿಸಿ ಕೊಡುವುದು ನಾನು. ನಾನು ಕಾನ್ವೆಂಟಿನಲ್ಲಿ ಕಲಿತವಳು. ವಾರೆಯಾದ ಸಾಲು ನೋಡಿದರೆ ನನಗೆ ಊಟ ಸೇರುವುದಿಲ್ಲ.

ನಮ್ಮಲ್ಲಿರುವ ನೂರಾರು ಬಗೆಯ ಅಕ್ಷರಗಳಲ್ಲಿ ಒಂದು ದಪ್ಪ ಅಕ್ಷರವಿದೆ. ಅದರ ಗೆರೆ ನಡುವಿನಲ್ಲಿ ಸ್ವಲ್ಪ ಸಣ್ಣಗಿದ್ದು ತುದಿಗೆ ಬರುತ್ತ ಬರುತ್ತ ಅಗಲವಾಗುತ್ತದೆ, ಉಳಿಯಿಂದ ಕೆತ್ತಿದ ಹಾಗೆ. ತಲಕಟ್ಟಂತೂ ಎರಡೂ ಕಡೆ ಅರಳಿ ಮೇಲಕ್ಕೇಳುತ್ತದೆ. ತೊಗರಿಬೇಳೆ ಚೀಲದ ಮೇಲೆ, ಕುಸ್ತಿಯ ಪೋಸ್ಟರಿನ ಮೇಲೆ, ಎತ್ತರದ ಬೋರ್ಡಿನ ಮೇಲೆ ಅದು ಚೆಂದ. ಗೋಣಿಯ ಒರಟು ನೂಲಿನ ಮೇಲೂ ಅಳಿಸುವುದಿಲ್ಲ. ಅದರ ಜಾಗ ಅದು. ಆದರೆ ನಮ್ಮ ಗಿರಾಕಿಗಳಿಗೆ ಎಲ್ಲದಕ್ಕೂ ಅದೇ ಬೇಕು. "ಕೇಳಿದ್ದು ಕೊಟ್ಟು ಕಳಸು, ನಿಂದೇನು ಗಂಟು ಹೋಗ್ತದ?" ಎಂಬುದು ನಮ್ಮ ಮನೆಯವರ ವಾದ. ಸಭ್ಯವಾದ ಜಾಗಕ್ಕೆ ಸಭ್ಯವಾದ ತೆಳ್ಳನೆ ಅಕ್ಷರವೇ ಬೇಕು ಎಂಬುದು ನನ್ನದು.

ಈ ವರ್ಷ ಆ ವಾದ ತೀರ್ಮಾನವಾಗುವ ಕಾಲ ಬಂತು. ನಾನು ಓದಿದ ಕಾನ್ವೆಂಟಿನ ಗೇಟಿಗೆ ಹೊಸ ಹೆಸರಿನ ಕಲ್ಲು ಕೂಡಿಸಬೇಕೆಂದು ಹಳೆಯ ವಿದ್ಯಾರ್ಥಿನಿಯರು ಸೇರಿ ನಿರ್ಧರಿಸಿ, ಅಕ್ಷರ ಆರಿಸುವ ಕೆಲಸ ನನಗೆ ವಹಿಸಿದರು. ಕಲ್ಲು ಅನಾವರಣ ಮಾಡುವವರು ನಮಗೆ ಕೈಬರಹ ಕಲಿಸಿದ ಸಿಸ್ಟರ್. ಅವರು ನೋಟ್‌ಬುಕ್ ನೋಡಿ ಎರಡೇ ಮಾತು ಆಡುತ್ತಿದ್ದರು. ಹಿಡಿಸಿದರೆ "ನೀಟ್", ಹಿಡಿಸದಿದ್ದರೆ "ಇನ್ನೊಮ್ಮೆ ಬರೆ". ಶಾಲೆ ಬಿಡುವವರೆಗೂ ನನ್ನ ಪಾಲಿಗೆ ಬಂದದ್ದು ಎರಡನೆಯದೇ. ಈಗ ಕಲ್ಲಿನ ಮೇಲಾದರೂ ಅವರ ಬಾಯಿಂದ ಆ "ನೀಟ್" ಕೇಳಬೇಕು ಎಂದು ನಾನು ಹಠ ತೊಟ್ಟಿದ್ದೆ. ಈ ದಪ್ಪ ಮೀಸೆ ಅಕ್ಷರವನ್ನು ಆ ಗೇಟಿನ ಹತ್ತಿರವೂ ಸುಳಿಯಗೊಡಬಾರದೆಂದು ನಾನು ಯಾಕೆ ತೀರ್ಮಾನಿಸಿದೆ ಎನ್ನುವುದಕ್ಕೆ ಮೊದಲು ಕೆಲವು ಪ್ರಸಂಗ ಹೇಳಬೇಕು.

ಮದುವೆ ಯಾರದು?

ಅದಕ್ಕೆ ಮೀಸೆ ಅಕ್ಷರ ಎಂದು ಹೆಸರಿಟ್ಟವರು ಕುರಕುಂಟಾದ ಒಬ್ಬ ಗೌಡರು. ಮಗನ ಲಗ್ನಪತ್ರಿಕೆ ಮಾಡಿಸಲು ಬಂದಿದ್ದರು. ಮಾದರಿ ಹಾಳೆ ಮುಂದಿಟ್ಟೆ. ಅವರ ಬೆರಳು ನೇರವಾಗಿ ಅದರ ಮೇಲೆಯೇ ಕೂತಿತು.

"ಇದು ನೋಡ್ರಿ ಮೇಡಂ, ಮೀಸಿ ತಿರುವಿ ನಿಂತಂಗ ಅದ. ನನ್ನ ಹೆಸರು ಇದರಾಗ ಹಾಕ್ರಿ."

"ಪತ್ರಿಕೆಯಲ್ಲಿ ತುಂಬ ಹೆಸರುಗಳಿರುತ್ತವೆ. ಈ ಅಕ್ಷರ ಅಗಲ. ಜಾಗ ಸಾಲುವುದಿಲ್ಲ."

"ಬೀಗರ ಹೆಸರು ತೆಳ್ಳನೆ ಅಕ್ಷರದಾಗ ಹಾಕ್ರಿ. ಜಾಗ ತಾನೇ ಆಗ್ತದ."

ಮರುದಿನ ಹೆಣ್ಣಿನ ತಂದೆ ಬಂದರು. ನಿಂತುಕೊಂಡೇ ಕೇಳಿದರು: "ಅವರು ಮೀಸಿ, ನಾವು ಬೋಳೇನ್ರಿ?"

ಅವರ ಹೆಸರಿಗೂ ಮೀಸೆ ಬಂತು. ಸಂಜೆ ಗೌಡರ ಫೋನು: "ಅವರದು ನಮ್ಮದಕಿಂತ ಜರಾ ದೊಡ್ಡದು ಕಾಣ್ತದಲ್ರಿ?" ನಾನು ಅಳತೆಪಟ್ಟಿ ಇಟ್ಟು ನೋಡಿ, ಎರಡೂ ಒಂದೇ ಎಂದು ಹೇಳಿದೆ. ಅವರು ನಂಬಲಿಲ್ಲ. ಎರಡನ್ನೂ ಇನ್ನಷ್ಟು ದೊಡ್ಡದು ಮಾಡಬೇಕಾಯಿತು. ಆಮೇಲೆ ಇಬ್ಬರ ಅಣ್ಣತಮ್ಮಂದಿರೂ ಸೋದರಮಾವಂದಿರೂ ಮೀಸೆ ಬೇಡಿದರು. ಕೊನೆಗೆ ಜಾಗ ಉಳಿದದ್ದು ಕೆಳಗಿನ ಮೂಲೆಯಲ್ಲಿ, ಅಂಚೆ ಚೀಟಿಯಷ್ಟು. ವಧುವರರ ಹೆಸರನ್ನು ಅಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಹಾಕಿದೆ.

ನಮ್ಮ ಪಕ್ಕದ ಮನೆಯ ಅಜ್ಜಿಗೂ ಒಂದು ಪತ್ರಿಕೆ ಬಂದಿತ್ತು. ಕನ್ನಡಕ ಏರಿಸಿ ದೊಡ್ಡ ಹೆಸರು ಎರಡನ್ನೂ ಓದಿ, ನನ್ನನ್ನು ಕರೆದು ಮೆಲ್ಲಗೆ ಕೇಳಿದರು: "ಈ ಇಬ್ಬರು ಮುದುಕರಿಗೆ ಈ ವಯಸ್ಸಿನಾಗ ಒಬ್ಬರಿಗೊಬ್ಬರು ಲಗ್ನ ಆಗೂದು ಏನು ಬಂದಿತ್ತವ್ವಾ?"

ವಾಡಿಯ ಕಾಕಾ

ವಾಡಿಯ ಒಂದು ಮನೆಯ ಹಿರಿಯರು ತೀರಿಕೊಂಡಾಗ ಅವರ ಗಂಡುಮಕ್ಕಳು ಶ್ರದ್ಧಾಂಜಲಿಯ ಫ್ಲೆಕ್ಸ್ ಮಾಡಿಸಲು ಬಂದರು. ಓಣಿಯವರೆಲ್ಲ ಕಾಕಾ ಎಂದು ಕರೆಯುತ್ತಿದ್ದ, ಯಾರಿಗೂ ಗಟ್ಟಿಯಾಗಿ ಮಾತಾಡದ ಮನುಷ್ಯ. ಫೋಟೋ ಒಂದೇ ಇತ್ತು. ಯಾವುದೋ ಮದುವೆಯ ಬಾಗಿಲಲ್ಲಿ ಬಿಳಿ ಟೋಪಿ ಹಾಕಿಕೊಂಡು, ನಗುತ್ತ, ಬಂದವರಿಗೆ ಕೈ ಮುಗಿದು ನಿಂತದ್ದು.

"ಹೆಸರು ಮೀಸಿ ಅಕ್ಷರದಾಗ ಹಾಕ್ರಿ" ಎಂದ ಹಿರಿಯ ಮಗ.

"ದುಃಖದ ವಿಷಯ. ತೆಳ್ಳನೆ ಅಕ್ಷರ ಗೌರವ" ಎಂದೆ.

"ಅಪ್ಪ ಇದ್ದಷ್ಟು ದಿನ ದನಿ ಎತ್ತಿ ಮಾತಾಡಲಿಲ್ರಿ ಮೇಡಂ. ಈಗಾದರೂ ಒಮ್ಮಿ ಜೋರ್ ಮಾತಾಡ್ಲಿ ಬಿಡ್ರಿ."

ಹಾಕಿಕೊಟ್ಟೆ. ಹೆಸರು ಎಷ್ಟು ದೊಡ್ಡದಾಯಿತೆಂದರೆ "ಶ್ರದ್ಧಾಂಜಲಿ" ಎಂಬುದು ಕೆಳಗೆ ಹೂವಿನ ಚಿತ್ರದ ಹಿಂದೆ ಅರ್ಧ ಅಡಗಿತು. ರೈಲು ನಿಲ್ದಾಣದ ದಾರಿಯಲ್ಲಿ ಕಟ್ಟಿದರು. ಬಿಳಿ ಟೋಪಿ, ಮುಗಿದ ಕೈ, ನಗುಮುಖ, ಮೇಲೆ ಮೀಸೆ ಹೊತ್ತ ಹೆಸರು. ಪುರಸಭೆ ಚುನಾವಣೆಯ ಕಾಲ ಬೇರೆ. ಇಷ್ಟಿದ್ದರೆ ನಮ್ಮ ಕಡೆ ಜನ ಮುಂದಿನದನ್ನು ಓದುವುದಿಲ್ಲ.

ಮೂರನೆಯ ದಿನದ ಕಾರ್ಯ ಮುಗಿಯುವ ಹೊತ್ತಿಗೆ ಹೊಸ ಬಡಾವಣೆಯಿಂದ ಒಬ್ಬರು ಮನೆ ಹುಡುಕಿಕೊಂಡು ಬಂದರು. ಬಾಗಿಲಲ್ಲಿ ಜನ ನೋಡಿ, ಪ್ರಚಾರದ ಗದ್ದಲ ಎಂದುಕೊಂಡು, ಸೀದಾ ಒಳಗೆ ಹೋಗಿ ಕಾಕಾನ ಹೆಂಡತಿ ಕಾಕಿಯ ಮುಂದೆ ಕೂತರು.

"ಕಾಕಾ ನಿಂತಾರಂತ ಭಾಳ ಖುಷಿ ಆತ್ರಿ. ನಮ್ಮನ್ಯಾಗ ಇರೋ ವೋಟೆಲ್ಲ ಅವರಿಗೇ. ಆದ್ರ ನಮ್ಮ ಓಣ್ಯಾಗ ನಳದ ನೀರು ಬರವಲ್ದು. ಅದೊಂದು ಮಾಡಿಸಿಕೊಡಂತ ಹೇಳ್ರಿ."

ಕಾಕಿ ಸೆರಗಿನಿಂದ ಕಣ್ಣು ಒರೆಸಿಕೊಂಡು ಹೇಳಿದರಂತೆ: "ಇದ್ದಾಗ ನಮ್ಮನಿ ನಳನೇ ರಿಪೇರಿ ಮಾಡಿಸಲಿಲ್ಲಪ್ಪಾ. ಈಗ ಹೋದಮ್ಯಾಗ ನಿಮ್ಮದು ಹ್ಯಾಂಗ ಮಾಡಸ್ತಾರ?"

ಬೋಳಿಸಿದ ಬೋರ್ಡು

ಚಿಂಚೋಳಿಯ ಬಟ್ಟೆ ಅಂಗಡಿಯವರು ಉಬ್ಬಿದ ಅಕ್ಷರಗಳ ಬೋರ್ಡು ಬೇಕೆಂದರು. ಗೋಡೆಯಿಂದ ಗೇಣುದ್ದ ಮುಂದಕ್ಕೆ ಬಂದ, ಕೆಂಪು ಬಣ್ಣದ, ಮೀಸೆ ಅಕ್ಷರ. ಇದು ಅದಕ್ಕೆ ಒಪ್ಪುವ ಜಾಗವೇ ಆದ್ದರಿಂದ ನಾನೂ ಒಪ್ಪಿದೆ. ರಸ್ತೆಯ ಆ ತುದಿಯಿಂದ ಓದಬಹುದಾಗಿತ್ತು.

ತಲಕಟ್ಟಿನ ತುದಿಗಳು ಅಗಲ, ಸಪಾಟು, ನೆರಳಿನ ಜಾಗ. ಅದನ್ನು ಮೊದಲು ಕಂಡುಹಿಡಿದದ್ದು ಪಾರಿವಾಳಗಳು. ಪ್ರತಿ ಅಕ್ಷರಕ್ಕೆ ಎರಡರಂತೆ ಬಂದು ಕೂತವು. ಕೆಳಗೆ ಸೀರೆ ಕೊಳ್ಳಲು ಬಂದ ಹೆಂಗಸರು ತಲೆಯ ಮೇಲೆ ಸೆರಗು ಹೊದ್ದು ಒಳಗೆ ಓಡತೊಡಗಿದರು. ಸಾವಕಾರರು ಫೋನು ಮಾಡಿದರು: "ಮೀಸಿ ಬೋಳಿಸಿ ಕೊಡ್ರಿ ಮೇಡಂ. ಹಕ್ಕಿ ಕುಂದ್ರೂದು ತಪ್ಪಬೇಕು."

ನಮ್ಮ ಮನೆಯವರು ಕಟ್ಟರ್ ಹಿಡಿದುಕೊಂಡು ತಾವೇ ಹೋಗಿ, ಒಂದೊಂದೇ ಅಕ್ಷರದ ಅರಳಿದ ತುದಿ ಕತ್ತರಿಸಿ ನುಣ್ಣಗೆ ಮಾಡಿ ಬಂದರು. ಪಾರಿವಾಳಗಳು ಜಾರಿ, ಎದುರಿನ ಪಾತ್ರೆ ಅಂಗಡಿಗೆ ಹೋದವು. ಎಲ್ಲರಿಗೂ ಸಮಾಧಾನ. ಒಬ್ಬರಿಗೆ ಮಾತ್ರ ಇಲ್ಲ.

ಸಾವಕಾರರ ತಂದೆ ದಿನಾ ಸಂಜೆ ಅಂಗಡಿಗೆ ಬಂದು ಗಾದಿಯ ಮೇಲೆ ಕೂರುವ ರೂಢಿ. ಅವತ್ತು ಆಟೋದಿಂದ ಇಳಿದು ಬೋರ್ಡು ನೋಡಿದವರು ಅಲ್ಲೇ ನಿಂತರು. ನಮ್ಮ ಕಡೆ ಗಂಡಸರು ಮೀಸೆ ಬೋಳಿಸುವುದು ಯಾವಾಗ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ: ಮನೆಯಲ್ಲಿ ತಂದೆ ತೀರಿಕೊಂಡಾಗ.

"ಏ, ಯಾರು ಹೇಳಿದ್ರೋ ನಿಮಗ?" ಎಂದು ರಸ್ತೆಯಿಂದಲೇ ಕೂಗಿದರಂತೆ. "ಇನ್ನಾ ಇದ್ದೀನಿ ನಾನು!"

ಮಗ ಎಷ್ಟು ಸಮಜಾಯಿಷಿ ಹೇಳಿದರೂ ಮುದುಕರು ಒಳಗೆ ಬರಲಿಲ್ಲ. ಹೊರಗೆ ಸ್ಟೂಲು ಹಾಕಿಸಿಕೊಂಡು, ಬಂದುಹೋಗುವವರಿಗೆಲ್ಲ ತಾವು ಬದುಕಿದ್ದೇವೆಂದು ತೋರಿಸುತ್ತ ಕೂತರು. ವಾರದೊಳಗೆ ಮೀಸೆ ಸಮೇತ ಹೊಸ ಅಕ್ಷರ ಕಳಿಸಿಕೊಟ್ಟೆವು. ಪಾರಿವಾಳ ತಿರುಗಿ ಬಂದವು, ಮುದುಕರೂ ತಿರುಗಿ ಬಂದರು. ಸಾವಕಾರರು ಬಾಗಿಲಲ್ಲಿ ಗಿರಾಕಿಗಳಿಗಾಗಿ ಛತ್ರಿ ಇಟ್ಟಿದ್ದಾರೆ.

ಮೆಟ್ಟಿಲ ಕೆಳಗಿನ ದೇವರು

ಚಿತ್ತಾಪುರದಲ್ಲಿ ಒಂದು ಮಳಿಗೆ ಕಟ್ಟಡ. ಮೆಟ್ಟಿಲ ತಿರುವಿನ ಗೋಡೆಗೆ ಜನ ಎಲೆ ಅಡಿಕೆ ಉಗುಳಿ ಉಗುಳಿ ಕೆಂಪು ಮಾಡಿದ್ದರು. ಕಾಗದ ಅಂಟಿಸಿದರು, ಕಾಗದದ ಮೇಲೇ ಉಗುಳಿದರು. ಮಾಲೀಕರು ರೋಸಿಹೋಗಿ ನಮ್ಮಲ್ಲಿಗೆ ಬಂದರು: "ಕಲ್ಲಿನ ಮ್ಯಾಲ ಕೆತ್ತಿ ಕೊಡ್ರಿ. ಮೀಸಿ ಅಕ್ಷರದಾಗ. ಓದಿದವರಿಗೆ ಹೆದರಿಕಿ ಬರಬೇಕು."

ನುಣುಪು ಮಾಡಿದ ಶಹಾಬಾದ್ ಕಲ್ಲು, ಅದರ ಮೇಲೆ "ಇಲ್ಲಿ ಉಗುಳಬಾರದು" ಎಂದು ಆಳವಾಗಿ ಕೆತ್ತಿ, ಹಳದಿ ಬಣ್ಣ ತುಂಬಿ ಕಳಿಸಿದೆವು. ಸ್ವಲ್ಪ ದಿನ ಬಿಟ್ಟು ಅದೇ ದಾರಿಯಲ್ಲಿ ಹೋಗುವಾಗ ಕೆಲಸ ಹೇಗಾಗಿದೆ ನೋಡೋಣವೆಂದು ಇಳಿದೆ. ಗೋಡೆ ಸ್ವಚ್ಛವಾಗಿತ್ತು. ಆದರೆ ಕಲ್ಲಿಗೆ ಕುಂಕುಮ ಹಚ್ಚಿತ್ತು. ಚೆಂಡು ಹೂವಿನ ಮಾಲೆ ಇತ್ತು. ಕೆಳಗೆ ಊದಿನಕಡ್ಡಿ ಹೊಗೆಯಾಡುತ್ತಿತ್ತು. ಹಳ್ಳಿಯಿಂದ ಸಂತೆಗೆ ಬಂದ ಹೆಂಗಸೊಬ್ಬಳು ಚಪ್ಪಲಿ ಬಿಟ್ಟು ನಮಸ್ಕಾರ ಮಾಡುತ್ತಿದ್ದಳು.

"ಇದರಲ್ಲಿ ಏನು ಬರೆದಿದೆ ಗೊತ್ತಾ?" ಎಂದೆ.

"ನನಗೆಲ್ಲಿ ಓದಲಿಕ್ಕಿ ಬರ್ತದ್ರೀ ಯಕ್ಕಾ. ಆದ್ರ ಕಲ್ಲಿನ ಮ್ಯಾಲ ಇಷ್ಟು ದಪ್ಪ ಬರದಾರಂದ್ರ ಸಣ್ಣ ದೇವರು ಇರಲಿಕ್ಕಿಲ್ಲ."

ಅವಳ ಹಿಂದೆ ಬಂದ ಪ್ಯಾಂಟು ಶರಟಿನ ಮಹಾಶಯರೂ ಕೈ ಮುಗಿದರು. ನಾನು ಬಿಡಲಿಲ್ಲ. "ನಿಮಗೆ ಓದಲು ಬರುತ್ತದಲ್ಲ?"

"ಬರ್ತದ್ರಿ, ಓದೀನಿ" ಎಂದರು. "ಆದ್ರೂ ಒಮ್ಮಿ ಕೈ ಮುಗದ್ರ ಹೋಗೂದೇನದ?"

ಮಾಲೀಕರು ಈಗ ಎರಡನೆಯ ಕಲ್ಲು ಮಾಡಿಸಿಕೊಡಲು ಕೇಳುತ್ತಿದ್ದಾರೆ: "ಇಲ್ಲಿ ಕಾಯಿ ಒಡೆಯಬಾರದು." ಅದನ್ನು ಮೀಸೆ ಅಕ್ಷರದಲ್ಲಿ ಕೆತ್ತಿಸಲು ನಾನು ಸುತರಾಂ ಒಪ್ಪಿಲ್ಲ.

ಕಾನ್ವೆಂಟಿನ ಗೇಟು

ಈಗ ನನ್ನ ಕಲ್ಲಿನ ವಿಷಯ. ಇಷ್ಟೆಲ್ಲ ಕಂಡ ಮೇಲೆ ಕಾನ್ವೆಂಟಿನ ಗೇಟಿಗೆ ಮೀಸೆ ಇಡುವ ಪ್ರಶ್ನೆಯೇ ಇರಲಿಲ್ಲ. ನಾನು ಆರಿಸಿದ್ದು ಕೂದಲೆಳೆಯಂಥ ಸಪೂರ ಅಕ್ಷರ. ಬೂದು ಕಲ್ಲಿನ ಮೇಲೆ ಬೂದು ಗೆರೆ. ಬಣ್ಣ ತುಂಬಬಾರದೆಂದು ಯಾರ್ಡಿನವರಿಗೆ ಕಟ್ಟಪ್ಪಣೆ ಮಾಡಿದ್ದೆ. ಬಣ್ಣ ಬಾಯಿ ಬಡಕರಿಗೆ.

"ಮುಂಜಾನಿ ಬಿಸಲಾಗ ಇದು ಕಾಣಂಗಿಲ್ಲ ನೋಡು" ಎಂದರು ನಮ್ಮ ಮನೆಯವರು.

"ಕಾಣುವವರಿಗೆ ಕಾಣುತ್ತದೆ" ಎಂದೆ.

ಗೇಟಿನ ಎದುರಿಗೇ ಒಂದು ಮಂಗಲ ಕಾರ್ಯಾಲಯವಿದೆ. ಅದರ ಬೋರ್ಡು ನಮ್ಮ ಅಂಗಡಿಯದೇ. ನಾನು ತವರಿಗೆ ಹೋಗಿದ್ದಾಗ ನಮ್ಮ ಮನೆಯವರು ಅದಕ್ಕೆ ಮೊಳದೆತ್ತರದ ಮೀಸೆ ಅಕ್ಷರ ಹಾಕಿಕೊಟ್ಟಿದ್ದರು. ಅದನ್ನು ನೋಡಬಾರದೆಂದು ನಾನು ಆ ರಸ್ತೆಯಲ್ಲಿ ಎಡಕ್ಕೆ ಮುಖ ತಿರುಗಿಸುತ್ತಲೇ ಇರಲಿಲ್ಲ.

ಅನಾವರಣದ ದಿನ ಬಂತು. ಕಲ್ಲಿಗೆ ಪರದೆ ಕಟ್ಟೋಣವೆಂದು ಹೆಡ್‌ಮಿಸ್ಟ್ರೆಸ್ ಹೇಳಿದರು. ನಾನು ಬೇಡವೆಂದೆ; ಸಿಸ್ಟರ್ ಕಾರಿನಿಂದ ಇಳಿಯುತ್ತಲೇ ಅಕ್ಷರ ಅವರ ಕಣ್ಣಿಗೆ ಬೀಳಬೇಕು, ರಿಬ್ಬನ್ ಒಂದು ಸಾಕು. ಮಕ್ಕಳು ಸಾಲಾಗಿ ನಿಂತರು. ನಾನು ಹೂಗುಚ್ಛ ಹಿಡಿದು ಮುಂದೆ ನಿಂತೆ. ಸಿಸ್ಟರ್ ಕಲಬುರಗಿಯಿಂದ ಹೊರಟಿದ್ದಾರೆಂದು ಸುದ್ದಿ ಬಂದಿತ್ತು. ಬರುವ ಹೊತ್ತು ಮೀರಿತು. ಡ್ರೈವರ್ ಫೋನು ಎತ್ತಲಿಲ್ಲ. ಎದುರಿನ ಕಾರ್ಯಾಲಯದಲ್ಲಿ ಮದುವೆಯ ಬ್ಯಾಂಡು ಕಿವಿ ಕಿತ್ತುಹೋಗುವಂತೆ ಬಾರಿಸುತ್ತಿತ್ತು. ಬಿಸಿಲೇರಿತು. ಹೂಗುಚ್ಛ ತಲೆ ಬಾಗಿಸಿತು.

ಆಗ ನಮ್ಮ ಮನೆಯವರು ರಸ್ತೆ ದಾಟಿ ಓಡುತ್ತ ಬಂದರು. ಮದುವೆ ಮನೆಯವರು ಗುರುತಿನವರೆಂದು ಅವರು ಅಲ್ಲಿಗೆ ಅಕ್ಷತೆಗೆ ಹೋಗಿದ್ದರು.

"ಏ, ಬಾ ಜಲ್ದಿ. ನಿಮ್ಮ ಸಿಸ್ಟರ್ ಅಲ್ಲಿ ಸ್ಟೇಜಿನ ಮ್ಯಾಲ ಕುಂತಾರ."

ನಾನು ಹೋಗಿ ನೋಡಿದರೆ ನಿಜ. ಮದುಮಗಳ ಬಲಕ್ಕೆ, ಕೆಂಪು ಕುರ್ಚಿಯ ಮೇಲೆ, ಬೆನ್ನು ನೆಟ್ಟಗೆ ಮಾಡಿಕೊಂಡು ಸಿಸ್ಟರ್ ಕೂತಿದ್ದಾರೆ. ಹೆಗಲ ಮೇಲೆ ಶಾಲು, ಮಡಿಲಲ್ಲಿ ತೆಂಗಿನಕಾಯಿ. ಗಂಡಿನವರು ಇವರು ಹೆಣ್ಣಿನ ಕಡೆಯವರೆಂದುಕೊಂಡರು, ಹೆಣ್ಣಿನವರು ಗಂಡಿನ ಕಡೆಯವರೆಂದುಕೊಂಡರು. ಎರಡೂ ಕಡೆಯವರು ಪೈಪೋಟಿಯ ಮೇಲೆ ಉಪಚಾರ ಮಾಡಿದ್ದರು. ಊಟವೂ ಆಗಿತ್ತು.

"ಸಿಸ್ಟರ್, ಶಾಲೆ ಎದುರಿಗಿದೆ" ಎಂದೆ.

"ಹೌದೇ? ಈ ರಸ್ತೆಯಲ್ಲಿ ಓದಲು ಬಂದ ಹೆಸರು ಇದೊಂದೇ" ಎಂದರು ಸಿಸ್ಟರ್. "ಶಾಲೆ ಹೊಸ ಸಭಾಂಗಣ ಕಟ್ಟಿಸಿದೆ ಎಂದುಕೊಂಡೆ. ಒಳಗೆ ಬಂದೆ, ಎಲ್ಲರೂ ಎದ್ದು ನಿಂತರು. ಶಿಸ್ತು ಚೆನ್ನಾಗಿದೆ ಎಂದುಕೊಂಡೆ."

"ಮದುಮಗಳನ್ನು ನೋಡಿದ ಮೇಲೂ ಗೊತ್ತಾಗಲಿಲ್ಲವೇ ಸಿಸ್ಟರ್?"

"ಹಳೆಯ ವಿದ್ಯಾರ್ಥಿನಿ ಎಂದುಕೊಂಡೆ. ಎಲ್ಲ ಬ್ಯಾಚಿನವರ ಮುಖ ನೆನಪಿಡಲಾಗುತ್ತದೆಯೇ?"

ಕೈ ಹಿಡಿದು ಹೊರಗೆ ಕರೆತಂದೆ. ಬಾಗಿಲಲ್ಲಿ ನಿಂತು ಅವರು ತಲೆ ಎತ್ತಿ, ಆ ಮೊಳದೆತ್ತರದ ಅಕ್ಷರಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು. ನಾನು ಕಣ್ಣು ಮುಚ್ಚಿಕೊಂಡೆ.

"ನೀಟ್" ಎಂದರು ಸಿಸ್ಟರ್. "ಯಾರು ಮಾಡಿದ್ದು?"

ಇಷ್ಟು ವರ್ಷ ಕಾದ ಮಾತು. ಹಿಂದೆ ನಮ್ಮ ಮನೆಯವರು ನಿಂತಿದ್ದರು. "ನಮ್ಮ ಅಂಗಡಿಯದೇ ಸಿಸ್ಟರ್" ಎಂದೆ. ಸುಳ್ಳಲ್ಲವಲ್ಲ. ನಮ್ಮ ಮನೆಯವರಿಗೆ ಒಂದು ದೊಡ್ಡ ಕೆಮ್ಮು ಬಂತು.

ರಸ್ತೆ ದಾಟಿದೆವು. ಸಿಸ್ಟರ್ ಗೇಟಿನ ಕಲ್ಲಿನ ಮುಂದೆ ನಿಂತರು. ಕನ್ನಡಕ ಒರೆಸಿಕೊಂಡರು. ಹತ್ತಿರ ಹೋದರು, ದೂರ ಬಂದರು. ಕೊನೆಗೆ ಕಲ್ಲಿನ ಮೇಲೆ ಬೆರಳಾಡಿಸಿ, "ಇನ್ನೂ ಬರೆದಿಲ್ಲವೇ?" ಎಂದು ಕೇಳಿದರು.

"ಬರೆದಿದೆ ಸಿಸ್ಟರ್. ನಿಮ್ಮ ಬೆರಳು ಈಗ ಹೆಸರಿನ ಮೇಲೇ ಇದೆ."

ಸಿಸ್ಟರ್ ನನ್ನನ್ನು ನೋಡಿದರು. ಆ ನೋಟ ನನಗೆ ಗೊತ್ತು, ಮುಂದಿನ ಮಾತೂ ಗೊತ್ತು.

"ಇನ್ನೊಮ್ಮೆ ಬರೆ."

ಬರೆದೆ. ಶಹಾಬಾದ್ ಕಲ್ಲಿನ ಅನುಕೂಲವೆಂದರೆ ತಿರುವಿ ಹಾಕಿದರೆ ಇನ್ನೊಂದು ಮುಖ ಇರುತ್ತದೆ. ಆ ಬೆನ್ನಿಗೆ ಪಾಲಿಶ್ ಹಾಕಿಸಿ, ಎದುರಿನ ಕಾರ್ಯಾಲಯದ್ದಕ್ಕಿಂತ ಒಂದು ಕೈ ಮೇಲೆಯೇ ಇರಲೆಂದು, ದಪ್ಪ ಮೀಸೆ ಅಕ್ಷರ ಕೆತ್ತಿಸಿ, ಹಳದಿ ಬಣ್ಣ ತುಂಬಿಸಿದೆ. ಮಾಡುವುದಾದರೆ ಪೂರ್ತಿ ಮಾಡಬೇಕು. ಫೋಟೋ ತೆಗೆದು ಸಿಸ್ಟರ್ ಇರುವಲ್ಲಿಗೆ ಕಳಿಸಿ, ಉತ್ತರಕ್ಕೆ ಕಾಯುತ್ತ ಕೂತೆ.

ಮೊದಲು ಬಂದದ್ದು ಬೇರೆ ಫೋನು. ಶಾಲೆಯ ಹೆಡ್‌ಮಿಸ್ಟ್ರೆಸ್. ಹಿಂದೆ ಬ್ಯಾಂಡಿನ ಸದ್ದು.

"ಮೇಡಂ, ಪ್ರಾರ್ಥನೆ ನಡೆದಾಗ ಐನಾಪುರದ ಬೀಗರು ಬ್ಯಾಂಡ್ ಸಮೇತ ಗೇಟಿನೊಳಗೆ ಬಂದುಬಿಟ್ಟಿದ್ದಾರೆ. ಹನುಮಪ್ಪನ ಗುಡಿಯಿಂದ ಮೆರವಣಿಗೆ ಬರುತ್ತಿತ್ತಂತೆ. 'ಇಷ್ಟು ದೊಡ್ಡ ಅಕ್ಷರ ಅಂದ್ರ ಇದೇ ಕಾರ್ಯಾಲಯ' ಅಂತ ಗಂಡಿನ ಮಾಮಾ ಅವರು ವಾದ ಮಾಡುತ್ತಿದ್ದಾರೆ. ಅಡುಗೆ ಎಲ್ಲಿ ಅಂತ ಕೇಳುತ್ತಿದ್ದಾರೆ."

"ಮದುಮಗ ಎಲ್ಲಿದ್ದಾನೆ?"

"ನಮ್ಮ ಪಿ.ಟಿ. ಮೇಷ್ಟ್ರು ಅವನನ್ನ ಏಳನೇ ಕ್ಲಾಸಿನ ಸಾಲಿನ ಕೊನೆಗೆ ನಿಲ್ಲಿಸಿದ್ದಾರೆ. ಪ್ರಾರ್ಥನೆ ಮುಗಿಯುವ ತನಕ ಯಾರನ್ನೂ ಹೊರಗೆ ಬಿಡುವುದಿಲ್ಲವಂತೆ. ಮತ್ತೆ, ಮೇಡಂ, ಸಿಸ್ಟರ್ ಕೂಡ ಇಲ್ಲೇ ಇದ್ದಾರೆ. ಕಲ್ಲು ನೋಡಲಿಕ್ಕೆ ಹೇಳದೆ ಕೇಳದೆ ಬಂದಿದ್ದಾರೆ."

"ಏನಂದರು?"

"ಕಲ್ಲು ನೋಡಿದರು. ಆಮೇಲೆ ಸಾಲುಗಳನ್ನು ನೋಡುತ್ತ ಹೋಗಿ, ಮದುಮಗನ ಮುಂದೆ ನಿಂತು, ಅವನ ಬಾಸಿಂಗ ಎರಡೂ ಕೈಯಿಂದ ನೆಟ್ಟಗೆ ಮಾಡಿದರು. ಅದೊಂದೇ ವಾರೆ ಇತ್ತಂತೆ, ಉಳಿದದ್ದೆಲ್ಲ ನೀಟ್ ಅಂದರು."